ಆಗಂಗಿಲ್ರಿ ಅಂದವರು

ಅವರ ಕೈಕೆಳಗೆ ನಾನು ಕೆಲವು ವರ್ಷ ಕೆಲಸ ಮಾಡಿದೆ. ಅದನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆಮೇಲೆ ಒಂದು ಮಳೆಗಾಲ ಅವರು ನನ್ನ ಕೈಕೆಳಗೆ ಕೆಲಸ ಮಾಡಿದರು. ಅದನ್ನು ಹೇಳಬೇಕಾಗಿ ಬಂದಾಗ ಮಾತ್ರ ನನಗೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತೇನೆ. ಇವತ್ತು ಎದ್ದು ಹೋಗುವುದಿಲ್ಲ ಅಂತ ಗಟ್ಟಿ ಮಾಡಿ ಕೂತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಸಾವ್ಕಾರರ ಗೊಬ್ಬರದ ಅಂಗಡಿ, ಅದರ ಮಾಳಿಗೆಯ ಮೇಲೆ ನಮ್ಮ ಕಂಪ್ಯೂಟರ್ ಕೇಂದ್ರ. ಕೆಳಗಿನಿಂದ ಯೂರಿಯಾದ ವಾಸನೆ, ಮೇಲೆ ಸಾವ್ಕಾರರು ದಿನಾ ಮುಂಜಾನೆ ಕಂಪ್ಯೂಟರಿಗೆ ಹಚ್ಚಿಸುತ್ತಿದ್ದ ಊದಿನಕಡ್ಡಿಯ ವಾಸನೆ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬರಬೇಕು. ಅಕ್ಕಿ ಗಿರಣಿಗಳಿಗೆ, ಸಂಘಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕೆಲಸ. ಊರಿನ ಮಂದಿ ನಮ್ಮನ್ನು ಟೈಪಿಂಗ್ ಮಾಡುವವರು ಅಂತಲೇ ತಿಳಿದಿದ್ದರು, ನನ್ನ ಅವ್ವನೂ ಸೇರಿ. ಇದ್ದವರು ನಾಲ್ಕು ಮಂದಿ: ಅವರು, ನಾನು, ಬಸು, ಶಾಹಿದಾ. ನಾವು ಅವರನ್ನು ಸರ್ ಅನ್ನುತ್ತಿದ್ದೆವು, ಸಾವ್ಕಾರರು ಮಾಸ್ತರ್ ಅನ್ನುತ್ತಿದ್ದರು. ಅವರು ಯಾವ ಸಾಲಿಯಲ್ಲೂ ಮಾಸ್ತರಿಕೆ ಮಾಡಿದವರಲ್ಲ. ಹೈದರಾಬಾದಿನಲ್ಲಿ ದೊಡ್ಡ ಕಂಪ್ಯೂಟರುಗಳ ನಡುವೆ ಇದ್ದು, ತಾಯಿಗೆ ಕಣ್ಣು ಮಂಜಾದಾಗ ಲಿಂಗಸುಗೂರಿಗೆ ವಾಪಸು ಬಂದವರು. ಅವರನ್ನು ನೋಡಿದರೆ ಯಾರಿಗಾದರೂ ಮಾಸ್ತರ್ ಅನ್ನಬೇಕು ಅನಿಸುತ್ತಿತ್ತು, ಅಷ್ಟೆ.

ಎತ್ತರದ ಆಳು, ಬಗ್ಗಿದ ಬೆನ್ನು, ಪೊದೆಯಂಥ ಹುಬ್ಬು. ಯಾರಾದರೂ ಮಾತಾಡಲು ಬಂದರೆ ಕೈಗಡಿಯಾರ ಬಿಚ್ಚಿ, ಮುಖ ಕೆಳಗೆ ಮಾಡಿ ಟೇಬಲ್ಲಿನ ಮೇಲೆ ಇಡುತ್ತಿದ್ದರು. ಬಂದವನ ಮಾತು ಮುಗಿಯುವ ತನಕ ಅದು ಹಾಗೇ ಬೋರಲು ಬಿದ್ದಿರುತ್ತಿತ್ತು. ಇಲ್ಲ ಅನ್ನಬೇಕಾಗಿ ಬಂದಾಗ ಎಡಗೈ ಕುತ್ತಿಗೆಯ ಹಿಂದೆ ಹೋಗುತ್ತಿತ್ತು. ಆ ಕೈ ಮೇಲೆ ಏಳುವುದು ಕಂಡ ಕೂಡಲೇ ಬಸು ನನ್ನ ಕಾಲು ತುಳಿಯುತ್ತಿದ್ದ. ಮುಂದೆ ಬರುವ ಮಾತು ನಮಗೆ ಗೊತ್ತಿತ್ತು. ಮೆತ್ತಗೆ, ಎದುರಿನವರಿಗೆ ನೋವಾಗದ ಹಾಗೆ, "ಆಗಂಗಿಲ್ರಿ."

ದಿನಾ ಮುಂಜಾನೆ ಚಹಾ ಬಂದಾಗ ನಾಲ್ಕೂ ಜನ ನಿಂತುಕೊಂಡೇ ಕುಡಿಯಬೇಕು, ಕೂಡುವ ಹಾಗಿಲ್ಲ. ಕೂತರೆ ಮಾತು ಉದ್ದ ಆಗುತ್ತದೆ ಅನ್ನುತ್ತಿದ್ದರು. ಕಪ್ಪು ಖಾಲಿ ಆಗುವುದರೊಳಗೆ ಒಬ್ಬೊಬ್ಬರೂ ನಿನ್ನೆ ಏನು ಮಾಡಿದೆವು ಅಂತ ಹೇಳಬೇಕು. ಯಾಕೆ ಮುಗಿದಿಲ್ಲ ಅಂತ ಅವರು ಒಂದು ದಿನವೂ ಕೇಳಿದ್ದು ನೆನಪಿಲ್ಲ. "ಎಲ್ಲಿ ಸಿಕ್ಕೊಂಡೀ?" ಅನ್ನುತ್ತಿದ್ದರು. ಯಾಕೆ ಮುಗಿದಿಲ್ಲ ಅಂದರೆ ಮನುಷ್ಯ ಸುಳ್ಳು ಹುಡುಕುತ್ತಾನೆ. ಎಲ್ಲಿ ಸಿಕ್ಕೊಂಡೀ ಅಂದರೆ ತಾನು ಸಿಕ್ಕಿಕೊಂಡ ಜಾಗ ತೋರಿಸುತ್ತಾನೆ. ಇದು ನನಗೆ ಈಗ ಗೊತ್ತಾಗಿದ್ದು, ಆಗ ಚಹಾ ಬೇಗ ಮುಗಿದರೆ ಸಾಕು ಅನಿಸುತ್ತಿತ್ತು.

ಯಾವುದಾದರೂ ಕೆಲಸಕ್ಕೆ ಒಂದು ವಾರ ಸಾಕು ಸರ್ ಅಂದರೆ, ಕರೆಂಟು ಹೋಗೋದನ್ನ ಹಿಡಿದು ಹೇಳಿದ್ಯೋ ಬಿಟ್ಟು ಹೇಳಿದ್ಯೋ ಅಂತ ಕೇಳುತ್ತಿದ್ದರು. ಆ ದಿನಗಳಲ್ಲಿ ಕರೆಂಟು ಬೀಗರ ಹಾಗೆ ಬಂದು ಹೋಗುತ್ತಿತ್ತು. ನಾವು ಬಿಟ್ಟೇ ಹೇಳಿರುತ್ತಿದ್ದೆವು.

ಒಬ್ಬರು ಬರೆದ ಪ್ರೋಗ್ರಾಂ ಇನ್ನೊಬ್ಬರು ಓದಲೇಬೇಕು ಅನ್ನುವುದು ಅವರ ಇನ್ನೊಂದು ಹಟ. ಬಸುಗೆ ಇದು ದೊಡ್ಡ ಅವಮಾನ. ಅವನು ತನ್ನ ಪ್ರೋಗ್ರಾಮಿನಲ್ಲಿ ಎಲ್ಲದಕ್ಕೂ ಎ ಒಂದು, ಎ ಎರಡು ಅಂತ ಹೆಸರಿಟ್ಟು ಹೋಗುವವನು. ಶಾಹಿದಾ ಓದಿ, ಇದರ ತಲಿ ಬುಡ ತಿಳಿಯಲ್ಲ ಅಂದಳು. ಬಸು ರೇಗಿದ. ಸರ್ ಒಂದು ತಿಂಗಳು ಬಿಟ್ಟು ಬಸುವನ್ನೇ ಕರೆದು, ಈ ಎ ಏಳು ಅಂದರೆ ಏನು ಹೇಳಪಾ ಅಂದರು. ಬಸು ಪರದೆ ನೋಡಿದ, ಫ್ಯಾನ್ ನೋಡಿದ, ನನ್ನ ಮುಖ ನೋಡಿದ. ಅವನಿಗೇ ಗೊತ್ತಿರಲಿಲ್ಲ. ಶಾಹಿದಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಒಬ್ರ ತಲ್ಯಾಗ ಇದ್ರ ಅದು ಪ್ರೋಗ್ರಾಂ ಅಲ್ಲಪಾ, ಗುಟ್ಟು," ಅಂದರು ಸರ್. ಬಸು ಆ ಸಂಜೆಯೇ ಎಲ್ಲ ಹೆಸರು ಬದಲಾಯಿಸಿದ.

ನಾನು ಮಸ್ಕಿಯವನು. ಅವರು ಲಿಂಗಸುಗೂರಿನಲ್ಲಿ ಹತ್ತಿದ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಇಟ್ಟು, ಬೈಸಿಕೊಂಡು, ನನಗೆ ಜಾಗ ಹಿಡಿದಿರುತ್ತಿದ್ದರು. ಸಿಂಧನೂರು ಬರುವ ತನಕ ಕೆಲಸದ ಮಾತು ಆಡುತ್ತಿರಲಿಲ್ಲ. ಅವ್ವ ಹ್ಯಾಂಗಿದ್ದಾಳ, ತಂಗಿಗೆ ಎಲ್ಲಿ ನೋಡಾಕತ್ತೀರಿ ಇಂಥದೇ.

ಅಂಥವರ ಮೇಲೆ ನನ್ನನ್ನು ಕೂಡಿಸಿದ ಕೆಲಸ ಪಾಳಿ ಚೀಟಿಯದು.

ಕಾಲುವೆ ಭಾಗದ ಒಂದು ರೈತರ ಸಂಘ ನಮ್ಮ ಹತ್ತಿರ ಬಂದಿತ್ತು. ಕಾಲುವೆಗೆ ನೀರು ಬಿಟ್ಟಾಗ ಯಾವ ಹೊಲಕ್ಕೆ ಯಾವ ದಿನ ಎಷ್ಟು ಹೊತ್ತು ನೀರು ಅಂತ ರೈತರಿಗೆ ಚೀಟಿ ಕೊಡುತ್ತಾರೆ. ಅದೇ ಪಾಳಿ ಚೀಟಿ. ಅದನ್ನು ಕೈಯಲ್ಲಿ ಬರೆಯುವ ಬದಲು ಕಂಪ್ಯೂಟರಿನಲ್ಲಿ ಛಾಪಿಸಿ ಕೊಡಬೇಕು. ನಮ್ಮ ಸಾವ್ಕಾರರೂ ಆ ಸಂಘದಲ್ಲಿ ದೊಡ್ಡ ಕೈ. ಈ ಮಳೆಗಾಲದ ನೀರು ಬಿಡುವ ದಿನ ಮೊದಲ ಚೀಟಿ ಮಷಿನ್ನಿನಿಂದಲೇ ಬರುತ್ತದೆ ಅಂತ ಅವರು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಸರ್ ಒಂದು ಸಾಲು ಬರೆಯುವ ಮೊದಲು ನಮ್ಮನ್ನೆಲ್ಲ ಬಸ್ಸು ಹತ್ತಿಸಿದರು. ಮೇಲಿನ ಊರುಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿದೆವು. ಅಲ್ಲಿ ನೀರು ಧಾರಾಳ, ತೂಬಿನಿಂದ ಶುರು ಮಾಡಿ ಕೆಳಗೆ ಹೋದರೆ ಲೆಕ್ಕ ಮುಗಿಯಿತು. ಜವಳಗೇರಾ ದಾಟಿ, ಕಾಲುವೆಯ ಬಾಲದ ಕಡೆಯ ಊರುಗಳಿಗೆ ಹೋದಾಗ ಬೇರೆಯೇ ಕಥೆ. ಒಂದು ಊರಿನಲ್ಲಿ ಅಮಾವಾಸ್ಯೆ ದಿನದ ನೀರು ಯಾರ ಹೊಲಕ್ಕೂ ಇಲ್ಲ, ಕುಡಿಯುವ ನೀರಿನ ಕೆರೆಗೆ. ಅವತ್ತು ಯಾರ ಪಾಳಿ ಇತ್ತೋ ಅವರಿಂದ ಹಿಡಿದು ಎಲ್ಲರದೂ ಒಂದು ದಿನ ಮುಂದಕ್ಕೆ. ಇನ್ನೊಂದು ಊರಿನಲ್ಲಿ ಒಂದು ಸರ್ತಿ ಮೇಲಿನಿಂದ ಕೆಳಗೆ, ಮುಂದಿನ ಸರ್ತಿ ಕೆಳಗಿನಿಂದ ಮೇಲೆ. ಮತ್ತೊಂದರಲ್ಲಿ ಮನೆಯಲ್ಲಿ ಸಾವಾದವರ ಪಾಳಿ ಪಕ್ಕದ ಹೊಲದವನಿಗೆ, ಅವನದು ಇವರಿಗೆ. ಎಲ್ಲೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿರುವಂಥದು. ವಾಪಸು ಬರುವಾಗ ಬಸು ಅಮಾವಾಸ್ಯೆಗೆ ಫಾರ್ಮುಲಾ ಏನ್ರಿ ಸರ್ ಅಂದ. ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ. "ನೀರು ಕಡಿಮಿ ಆದಂಗ ಆದಂಗ ಕಟ್ಟಳಿ ಜಾಸ್ತಿ ಆಗ್ಯಾವ, ನೋಡು," ಅಂದರು.

ನೀರು ಬಿಡಲು ಇನ್ನೂ ಕೆಲವು ವಾರ ಇದ್ದಾಗ ಸಂಘದ ಹಿರಿಯರು ನಮ್ಮ ಮಾಳಿಗೆಗೆ ಬಂದರು. ಸಾವ್ಕಾರರು ಪೇಡೆ ತರಿಸಿದ್ದರು. ಎಲ್ಲರ ಮುಂದೆ ಕೇಳಿದರು, ಏನ್ ಮಾಸ್ತರ್, ನೀರು ಬರೋದ್ರಾಗ ಎಲ್ಲಾ ಊರಿಗೂ ಚೀಟಿ ತಯಾರಲ್ಲ ಅಂತ. ಎಡಗೈ ಕುತ್ತಿಗೆಯ ಹಿಂದೆ ಹೋಯಿತು. ಬಸು ನನ್ನ ಕಾಲು ತುಳಿದ.

"ಆಗಂಗಿಲ್ರಿ. ಮ್ಯಾಲಿನ ಊರಿಗೆ ಆಗ್ತಾವ. ಕೆಳಗಿನ ಊರಿಗೆ ಈ ಸಲ ಕೈಲೇನ ಬರೀರಿ. ಕೈಚೀಟಿ ತಪ್ಪಾದ್ರ ಬೈದು ತಿದ್ದಿಸ್ತಾರ. ಮಷಿನ್ ಚೀಟಿ ತಪ್ಪಾದ್ರ ಅದೇ ಖರೇ ಅಂತ ತೂಬಿನ ಮ್ಯಾಲ ಬಡಿದಾಡ್ತಾರ."

ಪೇಡೆಯ ತಟ್ಟೆ ಹಾಗೇ ನಿಂತಿತು. ಸಾವ್ಕಾರರ ಮುಖ ಕೆಂಪಗಾಯಿತು. ಅವರು ನನ್ನ ಕಡೆ ತಿರುಗಿ, ನೀ ಏನಂತೀ ಅಂದರು. ಅಷ್ಟು ಮಂದಿ ದೊಡ್ಡವರು ನನ್ನ ಬಾಯಿ ನೋಡುತ್ತಿದ್ದರು. ಪ್ರಯತ್ನ ಮಾಡಿದ್ರ ಆಗ್ತದ್ರಿ ಅಂದೆ. ಯಾರನ್ನೂ ಕೆಡವಬೇಕು ಅಂತ ಅಂದದ್ದಲ್ಲ, ಆ ಕ್ಷಣ ಆ ಮುಖಗಳು ತಣ್ಣಗಾದರೆ ಸಾಕಾಗಿತ್ತು. ತಣ್ಣಗಾದವು. ಪೇಡೆ ಹಂಚಿದರು, ನಾನೂ ತಿಂದೆ.

ಮರುದಿನ ಸಾವ್ಕಾರರು ಮೇಲೆ ಬಂದು, ಇನ್ನು ಮ್ಯಾನೇಜರ್ ಇವನು ಅಂತ ನನ್ನನ್ನು ತೋರಿಸಿ, ಕೆಳಗಿಳಿದು ಹೋದರು. ಸರ್ ಬಿಟ್ಟು ಹೋಗುತ್ತಾರೆ ಅಂತ ನಾನು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹೋಗಲಿ ಅಂತ ಆಸೆಪಟ್ಟೆ. ಅವರು ಡ್ರಾವರಿನಲ್ಲಿದ್ದ ತಮ್ಮ ಸಾಮಾನು ತೆಗೆದುಕೊಂಡು ನನ್ನ ಟೇಬಲ್ಲಿಗೆ ಹೋದರು. ಮತ್ತೆ ತಿರುಗಿ ಬಂದು, ತಮ್ಮ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ, "ಬರ್ರಿ, ಕೂಡ್ರಿ," ಅಂದರು.

ಅದುವರೆಗೆ ಅವರಿಗೆ ನಾನು ನೀ. ಒಮ್ಮೊಮ್ಮೆ ತಮ್ಮಾ. ಆ ರೀ ಕೇಳಿ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮಧ್ಯಾಹ್ನ ಅವರು ಬುತ್ತಿ ಬಿಚ್ಚಿದಾಗ ಹತ್ತಿರ ಹೋಗಿ, ಸರ್, ನೀವು ಹಂಗ ಅನಬ್ಯಾಡ್ರಿ, ನನಗ ನಾಚಿಕಿ ಆಗ್ತದ ಅಂದೆ. ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಾನೇ ನಿಮ್ಗ ನೀ ಅಂದ್ರ ಶಾಹಿದಾ ನಿಮ್ಮ ಮಾತು ಕೇಳ್ತಾಳೇನ್ರಿ? ಬಸು ಕೇಳ್ತಾನೇನು? ಕೆಲಸ ಕೆಡ್ತದ. ನಾಚಿಕಿ ಸ್ವಲ್ಪ ತಡಕೋರಿ," ಅಂದು ತಮ್ಮ ಜೋಳದ ರೊಟ್ಟಿಯಲ್ಲಿ ಅರ್ಧ ನನ್ನ ಕೈಗಿಟ್ಟರು.

ಮ್ಯಾನೇಜರ್ ಆದ ನಾನು ಏನೇನು ಮಾಡಿದೆ ಅಂತ ನೆನೆಸಿಕೊಂಡರೆ ಮೈ ಪರಚಿಕೊಳ್ಳಬೇಕು ಅನಿಸುತ್ತದೆ. ನಿಂತು ಚಹಾ ಕುಡಿಯುವುದನ್ನು ನಿಲ್ಲಿಸಿದೆ, ಹೊತ್ತು ಹಾಳು ಅಂತ. ಒಬ್ಬರದು ಒಬ್ಬರು ಓದುವುದನ್ನೂ ನಿಲ್ಲಿಸಿದೆ. ಊರುಗಳನ್ನು ಹಂಚಿಕೊಟ್ಟು, ಅವರವರದು ಅವರವರು ಮುಗಿಸಿ ಅಂದೆ. ಬೇಗ ಆಗಲಿ ಅಂತ ರಾಯಚೂರಿನಿಂದ ಇಬ್ಬರು ಹೊಸಬರನ್ನು ಕರೆಸಿದೆ. ಅವರಿಗೆ ಪಾಳಿ ಅಂದರೇನು, ತೂಬು ಅಂದರೇನು ಅಂತ ತಿಳಿಸಿ ಹೇಳುವುದರಲ್ಲೇ ಬಸುವಿನ ದಿನವೆಲ್ಲ ಮುಗಿಯುತ್ತಿತ್ತು. ಕೆಲಸಕ್ಕೆ ಕೈ ಹೆಚ್ಚಾದವು, ಕೆಲಸ ಹಿಂದೆ ಬಿತ್ತು. ಯಾರನ್ನು ಕೇಳಿದರೂ ಮುಗಿದಂಗ ಸರ್ ಅನ್ನುತ್ತಿದ್ದರು. ಆ 'ಮುಗಿದಂಗ' ಎಂಬ ಮಾತು ನನಗೆ ಬಹಳ ಸಿಹಿಯಾಗಿ ಕೇಳುತ್ತಿತ್ತು. ಅದನ್ನೇ ಕೆಳಗೆ ಹೋಗಿ ಸಾವ್ಕಾರರಿಗೆ ಹೇಳಿ ಬರುತ್ತಿದ್ದೆ.

ಕೆಲವು ದಿನ ಇದನ್ನೆಲ್ಲ ನೋಡಿದ ಸರ್ ಒಂದು ಮುಂಜಾನೆ ಚಹಾದ ಕಪ್ಪು ಹಿಡಿದು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಎಲ್ಲರಿಗೂ ಕೇಳುವ ಹಾಗೆ, "ನಾ ನಿನ್ನೆ ಅಮಾಸಿ ಕೂಡ ಸಿಕ್ಕೊಂಡೀನ್ರಿ. ಎರಡು ಅಮಾಸಿ ಒಂದ ಪಾಳಿಯಾಗ ಬಂದ್ರ ನನ್ನ ಲೆಕ್ಕ ಕೂಡವಲ್ದು," ಅಂದರು. ಕೈಕೆಳಗಿನವನು ಮೇಲಿನವನಿಗೆ ವರದಿ ಒಪ್ಪಿಸುವ ಧಾಟಿಯಲ್ಲೇ ಅಂದರು. ಮುಂದಿನ ದಿನವೂ ಬಂದು ನಿಂತರು. ಅದರ ಮರುದಿನ ಶಾಹಿದಾ ತನ್ನ ಕಪ್ಪು ಹಿಡಿದು ಬಂದಳು, ನಾನೂ ಸಿಕ್ಕೊಂಡೀನಿ ಸರ್, ನಾಲ್ಕು ದಿವ್ಸ ಆತು, ಹೇಳಾಕ ಹೆದರಿಕಿ ಆಗಿತ್ತು ಅಂದಳು. ಆಮೇಲೆ ಬಸು ಬಂದ. ಮುಗಿದಂಗ ಅಂದಿದ್ದ ಯಾವುದೂ ಮುಗಿದಿರಲಿಲ್ಲ. ನಾನು ಹಾಳು ಮಾಡಿದ್ದನ್ನು ಅವರು ನನ್ನ ಕುರ್ಚಿಗೆ ಏನೂ ಆಗದ ಹಾಗೆ, ಕೆಳಗೆ ನಿಂತು, ಸರಿ ಮಾಡುತ್ತಿದ್ದರು. ಅದು ನನಗೂ ಗೊತ್ತು, ಶಾಹಿದಾಳಿಗೂ ಗೊತ್ತು, ಆ ರಾಯಚೂರಿನ ಇಬ್ಬರಿಗೂ ಗೊತ್ತು. ನಾನು ಗಂಭೀರವಾಗಿ ತಲೆ ಆಡಿಸುತ್ತ ಕೂತಿರುತ್ತಿದ್ದೆ.

ಬಸ್ಸಿನಲ್ಲಿ ಆಗಲೂ ಅವರು ನನಗೆ ಸೀಟು ಹಿಡಿಯುತ್ತಿದ್ದರು. ನಾಚಿಕೆ ತಾಳದೆ ನಾನು ಎರಡು ಸಲ ಹಿಂದಿನ ಬಸ್ಸಿಗೆ ಹೋದೆ.

ನೀರು ಬಿಡುವ ವಾರ ಬಂತು. ಕೆಳಗಿನ ಊರುಗಳ ಚೀಟಿ ಛಾಪಿಸಿ ನೋಡಿದರೆ ಅಮಾವಾಸ್ಯೆ ದಿನ ಕೆರೆಗೂ ನೀರು, ಒಬ್ಬನ ಹೊಲಕ್ಕೂ ನೀರು. ಒಂದು ಊರಿನಲ್ಲಂತೂ ಸಸಿ ಮಡಿ ಹಾಕಿದವರಿಗೆ ಪಾಳಿ ಬರುವಷ್ಟರಲ್ಲಿ ಸಸಿ ಒಣಗಿ ಹೋಗಿರುತ್ತಿತ್ತು. ಅಂಥ ಚೀಟಿ ಹಂಚಿದರೆ ತೂಬಿನ ಮೇಲೆ ಕೊಡಲಿ ಏಳುವುದು ಖರೇ. ಸಾವ್ಕಾರರ ಮುಂದೆ ಹೋಗಿ ಹೇಳಬೇಕು. ನನಗೆ ಬಾಯಿ ಬರುತ್ತಿಲ್ಲ. ಮುಂಜಾನೆ ಬಸ್ಸಿನಲ್ಲಿ ಮಸ್ಕಿಯಿಂದ ಸಿಂಧನೂರಿನ ತನಕ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ. ಕೆಲಸದ ಮಾತು ಬಸ್ಸಿನಲ್ಲಿ ಎಂದೂ ಆಡದವರು ಅವತ್ತು ಆಡಿದರು.

"ಎಲ್ಲಿ ಸಿಕ್ಕೊಂಡೀರಿ?"

ಹೇಳಿದೆ. ನೀವು ಹೋಗಿ ಹೇಳ್ರಿ ಸರ್, ನಿಮ್ಮ ಬಾಯಾಗ ಅದು ಚಂದ ಬರ್ತದ ಅಂತಲೂ ಅಂದೆ. ನಾಚಿಕೆ ಇಲ್ಲದವನು ಅಂದರೆ ನಾನೇ. ಅವರು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದರು.

"ನಾ ಒಮ್ಮೆ ಹೇಳೀನಿ. ನನ್ನ ಮಾತಿಗೆ ಕಿಮ್ಮತ್ತಿಲ್ಲ ಅಂತ ಅವತ್ತೇ ಗೊತ್ತಾತು. ಈಗ ನೀವು ಹೇಳಬೇಕು. ನಿಮ್ಮ ಮಾತು ನಡೀತದ."

ಆ ಮಾತಿನಲ್ಲಿ ಅಷ್ಟು ದಿನ ಒಳಗೆ ಏನು ಇಟ್ಟುಕೊಂಡಿದ್ದಾರೆ ಅಂತ ಅವತ್ತು ಒಂದೇ ಸಲ ಕಂಡಿತು. ಕುರ್ಚಿ ಹೋದದ್ದಲ್ಲ. ಅಷ್ಟು ವರ್ಷ ತೂಗಿ ತೂಗಿ ಆಡಿದ ಮಾತನ್ನು ಒಂದು ತಟ್ಟೆ ಪೇಡೆಯ ಮುಂದೆ ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ ಅನ್ನುವುದು.

ನಾನು ನೇರ ಕೆಳಗಿನ ಅಂಗಡಿಗೆ ಹೋದೆ. ಸಾವ್ಕಾರರು ಒಬ್ಬರೇ ಇದ್ದರು. ಕೆಳಗಿನ ಊರಿನ ಚೀಟಿ ಆಗಂಗಿಲ್ರಿ ಅಂದೆ. ಅಂಗಡಿಯೇ ನನ್ನ ಮೇಲೆ ಬೀಳುತ್ತದೆ ಅಂತ ಕಾದೆ. ಅವರು ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ.

"ಅದು ನನಗ ಗೊತ್ತಿಲ್ಲೇನು? ಮಾಸ್ತರ್ ಅವತ್ತೇ ಹೇಳ್ಯಾನ. ಆ ಊರವರಿಗೆ ಕೈಚೀಟಿ ಬರ್ಕೊಂಡು ಇಡ್ರಿ ಅಂತ ಮರುದಿನಾನ ಹೇಳಿ ಕಳಿಸೀನಿ. ಅವರ ಪೈರು ಒಣಗಿದ್ರ ನನ್ನ ಗೊಬ್ಬರ ಯಾರು ಒಯ್ತಾರ?"

ಹಾಗಾದರೆ ಸರ್ ಅವರನ್ನು ಯಾಕೆ ಕೆಳಗಿಳಿಸಿದಿರಿ ಅಂತ ಕೇಳಿದೆ, ಅಥವಾ ಕೇಳಿದ ಹಾಗೆ ನಿಂತೆ.

"ಮಂದಿ ಮುಂದ ಹೂಂ ಅನ್ನೋವ ಒಬ್ಬ ಬೇಕಾಗಿತ್ತು. ನಿನ್ನ ಮಾತು ನಂಬಿ ಕೂತಿದ್ನೇನಲೇ ನಾನು?"

ಮೆಟ್ಟಿಲು ಹತ್ತಿದೆ. ಸರ್ ಕೈಗಡಿಯಾರ ಬಿಚ್ಚಿ ಬೋರಲಿಟ್ಟು ಕಾಯುತ್ತಿದ್ದರು. ಶಾಹಿದಾ, ಬಸು ಎಲ್ಲ ನಿಂತಿದ್ದರು. ಏನಂದರು ಅಂತ ಕಣ್ಣಲ್ಲೇ ಕೇಳಿದರು. ಒಪ್ಪಿದ್ರು ಅಂದೆ. ಅಷ್ಟೇ ಅಂದೆ. ಸರ್ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಭಾಳ ಚಲೋ ಆತ್ರಿ ಅಂದರು. ಬಸು ಚಹಾ ತರಿಸಿದ. ಉಳಿದದ್ದನ್ನು ಸರ್ ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡೆ. ನನ್ನ ಮಾತನ್ನು ಯಾರೂ ನಂಬಿರಲಿಲ್ಲ ಅಂತ ಹೇಳಿಕೊಳ್ಳಲು ಆ ದಿನ ಬಾಯಿ ಬರಲಿಲ್ಲ. ಆ ವಾರ ಬರಲಿಲ್ಲ. ಮುಂದಿನ ಹಂಗಾಮಿಗೆ ಕೆಳಗಿನ ಊರುಗಳ ಪ್ರೋಗ್ರಾಮೂ ಮುಗಿಯಿತು, ಅಮಾವಾಸ್ಯೆಗಳನ್ನು ಶಾಹಿದಾ ಪಂಚಾಂಗ ನೋಡಿ ಒಂದೊಂದಾಗಿ ಹಾಕಿದಳು. ಸರ್ ಅದು ಸರಿಯಾಗಿ ಓಡುವುದನ್ನು ನೋಡಿ, ಲಿಂಗಸುಗೂರಿನಲ್ಲೇ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತೇನೆ ಅಂತ ಬಿಟ್ಟು ಹೋದರು. ಆಮೇಲೆ ಎಷ್ಟೋ ಸಲ ಸಿಕ್ಕರು, ಮದುವೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಪ್ರತಿ ಸಲವೂ ರೀ ಅಂದರು. ಪ್ರತಿ ಸಲವೂ ನಾನು ಬೇರೆ ಏನೋ ಮಾತಾಡಿದೆ.

ಅವರು ತೀರಿಕೊಂಡದ್ದು ಬಸುವಿನ ಫೋನಿನಿಂದ ಗೊತ್ತಾಯಿತು. ಮಣ್ಣಿಗೆ ಹೋಗಲಾಗಲಿಲ್ಲ, ಮೂರು ದಿನಕ್ಕೆ ಲಿಂಗಸುಗೂರಿಗೆ ಹೋದೆ. ಅವರ ಹೆಂಡತಿಯನ್ನು ನಾನು ಅದಕ್ಕಿಂತ ಮೊದಲು ನೋಡಿದ್ದು ಒಂದೋ ಎರಡೋ ಸಲ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದು, ಒಳಗಿದ್ದ ಅಳಿಯನನ್ನು ಕರೆದರು. ಇವರು ನಮ್ಮವರ ಮ್ಯಾನೇಜರ್ರು ಅಂದರು. ಧಣಿ ಮುಂದೆ ಹೋಗಿ ಆಗಂಗಿಲ್ಲ ಅಂತ ಹೇಳಿ, ಕೆಳಗಿನ ಊರುಗಳ ಪೈರು ಉಳಿಸಿದವರು ಇವರೇ ಅಂದರು. ಸರ್ ಬಾಯಲ್ಲಿ ನನ್ನ ಹೆಸರು ಬಂದಾಗಲೆಲ್ಲ ಈ ಮಾತು ಬರುತ್ತಿತ್ತಂತೆ. ತಾವು ಹೇಳಿದಾಗ ನಡೆಯದ ಮಾತು ಇವರು ಹೇಳಿದಾಗ ನಡೆಯಿತು, ಹೇಳುವ ರೀತಿ ತಮಗೆ ಬರುತ್ತಿರಲಿಲ್ಲವೇನೋ ಅನ್ನುತ್ತಿದ್ದರಂತೆ.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಹಂಗಲ್ರಿ ಅಮ್ಮಾ ಅಂತ ಶುರು ಮಾಡಿ ಎಲ್ಲ ಹೇಳಿದೆ. ಸಾವ್ಕಾರರು ಸರ್ ಮಾತನ್ನು ಅವತ್ತೇ ನಂಬಿದ್ದರು, ಮರುದಿನವೇ ಹಾಗೇ ನಡೆದಿದ್ದರು, ಪೈರು ಉಳಿದದ್ದು ಅವರ ಮಾತಿನಿಂದ, ನನ್ನ ಮಾತಿಗೆ ಯಾವ ಕಿಮ್ಮತ್ತೂ ಇರಲಿಲ್ಲ ಅಂದೆ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿದೆ ಅನಿಸಿತು.

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಪೂರಾ ಕೇಳಿದರು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ.

"ಹಂಗೇನ್ರಿ," ಅಂದರು. "ಇದನ್ನ ಅವರಿಗೆ ಹೇಳಬೇಕಿತ್ತಲ್ರೀ ನೀವು."